ಹದಿನಾಲ್ಕು ದಿನದ ಹದ

ದೀಪಾವಳಿ ಪಾಡ್ಯ ಕಳೆದರೆ ಹಾವೇರಿ ಸೀಮೆಯಲ್ಲಿ ಹೋರಿ ಹಬ್ಬಗಳು ಶುರು. ಕೊಬ್ಬರಿ ಸರ, ಬಲೂನು, ಝೂಲ ಹೊತ್ತು ಜನರ ನಡುವೆ ನುಗ್ಗಿ ಬರುವ ಹೋರಿಯ ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ಹೋದ ಹುಡುಗರಲ್ಲಿ ಕೆಲವರು ಬೆನ್ನು ಮುರಿದುಕೊಂಡು ಆಸ್ಪತ್ರೆ ಸೇರುತ್ತಾರೆ. ಉಳಿದ ತಿಂಗಳುಗಳಲ್ಲಿ ಕಾರಣ ಬೇರೆ: ಹುಣಸಿ ಬಡಿಯಲು ಮರ ಹತ್ತಿದವರು, ಮೇವಿನ ಬಣವಿಯಿಂದ ಜಾರಿದವರು, ಟ್ರ್ಯಾಕ್ಟರಿನ ಟ್ರೇಲರ್ ಮಗುಚಿ ಅಡಿಗೆ ಸಿಕ್ಕವರು, ಹೆದ್ದಾರಿಯಲ್ಲಿ ಬೈಕಿನಿಂದ ಹಾರಿ ಬಿದ್ದವರು. ಕಾರಣ ಯಾವುದೇ ಇರಲಿ, ಹುಬ್ಬಳ್ಳಿಯ ವಾರ್ಡುಗಳ ಹೊರಗೆ ಮನೆಯವರು ಕೇಳುವ ಪ್ರಶ್ನೆ ಒಂದೇ. "ಸ್ಟೆಮ್ ಸೆಲ್ ಅಂತ ಬಂದಾವಂತಲ್ರೀ, ಅವನ್ನ ಹಾಕಿಸಿದ್ರ ನಮ್ಮ ತಮ್ಮ ನಡೀತಾನೇನ್ರಿ?" ಕೇಳುವ ಅಣ್ಣನ ಕೈಯಲ್ಲಿ ಮೊಬೈಲ್ ಇರುತ್ತದೆ, ಅದರಲ್ಲಿ ಯಾರೋ ಎದ್ದು ನಿಂತ ವಿಡಿಯೋ. ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಎರಡೆಕರೆ ಎರಿ ಹೊಲ ಐತ್ರೀ. ಮಾರಿದ್ರೂ ಅಡ್ಡಿ ಇಲ್ಲ."

ಆ ಅಣ್ಣನ ಪ್ರಶ್ನೆ ಬಿಡದೆ ಕಾಡುತ್ತದೆ. ಹೌದು ಎಂದರೂ ತಪ್ಪು, ಇಲ್ಲ ಎಂದು ಎದ್ದು ಹೋದರೂ ತಪ್ಪು. ಸ್ಟೆಮ್ ಸೆಲ್ ಎಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ. ತೊಡಕಿರುವುದು 'ಹಾಕಿಸು' ಎಂಬ ಪದದಲ್ಲಿ. ಸಲೈನ್ ಹಾಕಿಸಿದಂತೆ, ರಕ್ತ ಹಾಕಿಸಿದಂತೆ ಇದೂ ಒಂದು ಬಾಟಲಿ ಎಂಬ ಚಿತ್ರ ಮನಸ್ಸಿನಲ್ಲಿ ಕೂತಿರುತ್ತದೆ. ಬೆನ್ನುಹುರಿಯ ಮೇಲೆ ಕೆಲಸ ಮಾಡುವ ನರವಿಜ್ಞಾನಿಗಳ ಮೂವತ್ತು ನಲವತ್ತು ವರ್ಷದ ದುಡಿಮೆಯೆಲ್ಲ ಕೋಶಗಳನ್ನು ಹಾಕಿದ ಮೇಲೆ ಏನಾಗುತ್ತದೆ ಎಂಬುದರಲ್ಲೇ ಕಳೆದಿದೆ. ಅವರ ಮುಂದೆ ಆ ಅಣ್ಣ ನಿಂತಿದ್ದರೆ ಅವರು ಮೊದಲು ಕೇಳುತ್ತಿದ್ದುದು 'ಪೆಟ್ಟಾಗಿ ಎಷ್ಟು ದಿನ ಆಯಿತು?' ಎಂದು. ಒಕ್ಕಲುತನದ ಮನೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಬೀಜ ಎಷ್ಟೇ ಉತ್ತಮ ಇರಲಿ, ಹದ ತಪ್ಪಿದ ಮೇಲೆ ಕೂರಿಗೆ ಹೂಡುವವರು ಯಾರೂ ಇಲ್ಲ.

ಪೆಟ್ಟು ಒಮ್ಮೆ, ಹಾನಿ ವಾರಗಟ್ಟಲೆ

ದೊಡ್ಡವರ ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ, ಬೆಣ್ಣೆಗಿಂತ ತುಸು ಗಟ್ಟಿ. ಅದರಿಂದ 31 ಜೋಡಿ ನರಗಳು ಹೊರಡುತ್ತವೆ. 'ನರ ಹರಿದು ಹೋಗ್ಯಾವ' ಎಂದು ನಮ್ಮ ಕಡೆ ಹೇಳುತ್ತಾರಾದರೂ ಹುರಿ ತುಂಡಾಗುವುದು ಅಪರೂಪ. ಮುರಿದ ಎಲುಬು ಒಳಗೆ ಒತ್ತಿ ಹುರಿ ಜಜ್ಜಿಹೋಗುತ್ತದೆ. ಜಜ್ಜಿದ ಜಾಗದ ನಡುಭಾಗ ಹಾಳಾದರೂ ಸುತ್ತಲಿನ ಅಂಚಿನಲ್ಲಿ ಒಂದಿಷ್ಟು ನರದ ಎಳೆಗಳು ಉಳಿದಿರುವುದುಂಟು. ಆದರೆ ಅವುಗಳ ಮೇಲಿನ ಮಯಲಿನ್ ಹೊದಿಕೆ ಕಳಚಿರುತ್ತದೆ. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಇದ್ದಂತೆ ಎಳೆಗೆ ಮಯಲಿನ್. ಅದಿಲ್ಲದೆ ಸಂದೇಶ ದಾಟುವುದಿಲ್ಲ.

ನಿಜವಾದ ಅನಾಹುತ ಆಮೇಲಿನದು. ಮೊದಲ ಗಂಟೆಗಳಲ್ಲಿ ರಕ್ತ ಸೋರುತ್ತದೆ, ಬಾವು ಬರುತ್ತದೆ, ಸತ್ತ ಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಚೆಲ್ಲಿ ಪಕ್ಕದ ಬದುಕಿದ್ದ ಕೋಶಗಳನ್ನೂ ಕೊಲ್ಲುತ್ತದೆ. ಮುಂದಿನ ದಿನಗಳಲ್ಲಿ ರಕ್ಷಣಾ ಕೋಶಗಳು ಮುತ್ತಿಕೊಂಡು ಉರಿಯೂತ ಏರುತ್ತದೆ. ಮಯಲಿನ್ ನೇಯುವ ಆಲಿಗೋಡೆಂಡ್ರೋಸೈಟ್ ಕೋಶಗಳು ವಾರಗಟ್ಟಲೆ ಸಾಯುತ್ತಲೇ ಇರುತ್ತವೆ. ಕೊನೆಗೆ ನಡುವೆ ನೀರು ತುಂಬಿದ ಪೊಟರೆ, ಅದರ ಸುತ್ತ ಆಸ್ಟ್ರೋಸೈಟ್ ಕೋಶಗಳು ಕಟ್ಟಿದ ಗಾಯದ ಕಲೆಯ ಗೋಡೆ ಉಳಿಯುತ್ತವೆ. ಆ ಗೋಡೆ ಕೆಟ್ಟದ್ದು ಎಂದು ಬಹುಕಾಲ ತಿಳಿದಿದ್ದರು. ಉರಿಯೂತ ಆರೋಗ್ಯವಂತ ಭಾಗಕ್ಕೆ ಹರಡದಂತೆ ತಡೆಯುವುದೂ ಅದೇ ಗೋಡೆ ಎಂಬುದು ಈಗ ಗೊತ್ತಾಗಿದೆ. ಅಂದರೆ ಅದನ್ನು ಕೆಡವಿ ಹಾಕುವುದೂ ಸುಲಭದ ಪರಿಹಾರವಲ್ಲ. 2002ರಲ್ಲಿ ಲಂಡನ್ನಿನ ತಂಡವೊಂದು ಆ ಗೋಡೆಯ ಸಕ್ಕರೆ ಸರಪಳಿಗಳನ್ನು ಕತ್ತರಿಸುವ ಕಾಂಡ್ರಾಯ್ಟಿನೇಸ್ ಎಂಬ ಕಿಣ್ವವನ್ನು ಇಲಿಗಳಿಗೆ ಕೊಟ್ಟು, ಎಳೆಗಳು ಸ್ವಲ್ಪ ಮುಂದೆ ಬೆಳೆದದ್ದನ್ನು ತೋರಿಸಿತು. ಅದಕ್ಕೂ ಮೊದಲು, 1981ರಲ್ಲಿ, ಮಾಂಟ್ರಿಯಲ್‌ನ ಆಲ್ಬರ್ಟ್ ಅಗ್ವಾಯೋ ಅವರ ಪ್ರಯೋಗಾಲಯ ಇಲಿಯ ಕಾಲಿನ ನರದ ತುಂಡನ್ನು ಬೆನ್ನುಹುರಿಗೆ ಸೇತುವೆಯಾಗಿ ಕೂಡಿಸಿ, ಬೆನ್ನುಹುರಿಯ ಎಳೆಗಳು ಆ ತುಂಡಿನೊಳಗೆ ಚೆನ್ನಾಗಿಯೇ ಬೆಳೆಯುತ್ತವೆ ಎಂದು ಕಂಡುಕೊಂಡಿತ್ತು. ದೊಡ್ಡವರ ಮಿದುಳು ಬೆನ್ನುಹುರಿಗಳಲ್ಲಿ ಸತ್ತದ್ದು ಮತ್ತೆ ಹುಟ್ಟುವುದಿಲ್ಲ ಎಂದು ಸ್ಪೇನಿನ ನರವಿಜ್ಞಾನಿ ಕಾಹಾಲ್ ಬರೆದು, 1928ರಲ್ಲಿ ಇಂಗ್ಲಿಷಿಗೆ ಬಂದ ಮಾತು ಅರ್ಧ ಶತಮಾನ ಈ ಕ್ಷೇತ್ರದ ಮೇಲೆ ಬಂಡೆಯಂತೆ ಕೂತಿತ್ತು. ಆ ಬಂಡೆ ಮೊದಲು ಅಲುಗಿದ್ದು ಮಾಂಟ್ರಿಯಲ್‌ನಲ್ಲಿ. ತಪ್ಪು ಎಳೆಯದ್ದಲ್ಲ, ನೆಲದ್ದು ಎಂದು ತಿಳಿದದ್ದೇ ಆಗ.

ವಾರ್ಡಿನಲ್ಲಿ ಈ ಹಾನಿಯನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಒಂದು ಪಿನ್ನು, ಒಂದು ಚೂರು ಹತ್ತಿ, ಒಂದು ಗ್ಲೌಸು ಸಾಕು. ಮೈಯ ಎಡಬಲ ಎರಡೂ ಕಡೆ 28 ಜಾಗಗಳಲ್ಲಿ ಚುಚ್ಚಿ, ಮುಟ್ಟಿ ನೋಡುತ್ತಾರೆ. ಒಂದೊಂದು ಕಡೆ 10 ಸ್ನಾಯುಗಳಿಗೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಪೂರ್ತಿ ಬಲ ಇದ್ದವರಿಗೆ 100. ಕೊನೆಯದು ಗುದದ್ವಾರದ ಪರೀಕ್ಷೆ. ಅಲ್ಲಿ ಸ್ಪರ್ಶವೂ ಇಲ್ಲ, ಬಿಗಿಯಲೂ ಆಗುವುದಿಲ್ಲ ಎಂದಾದರೆ ಚೀಟಿಯ ಮೇಲೆ 'ಎ' ಎಂದು ಬರೆಯುತ್ತಾರೆ, ಅಂದರೆ ಪೂರ್ಣ ಹಾನಿ. 'ಬಿ', 'ಸಿ', 'ಡಿ' ಎಂದು ಅಕ್ಷರ ಮುಂದೆ ಹೋದಷ್ಟೂ ಹಾನಿ ಕಡಿಮೆ. ಸಂಕೋಚದಿಂದಲೋ ಅವಸರದಿಂದಲೋ ಈ ಕೊನೆಯ ಪರೀಕ್ಷೆಯನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ಕೆಡುತ್ತದೆ. 'ಎ' ಎಂದು ಬರೆಸಿಕೊಂಡವರಲ್ಲೂ ಕೆಲವರು ಮೊದಲ ವರ್ಷದಲ್ಲಿ ಯಾವ ಕೋಶ ಹಾಕದಿದ್ದರೂ ತಾವಾಗಿ 'ಬಿ', 'ಸಿ'ಗೆ ಏರುತ್ತಾರೆ. ಮೊಬೈಲಿನ ವಿಡಿಯೋ ನೋಡುವಾಗ ಈ ಒಂದು ಸಂಗತಿ ಕಣ್ಣಮುಂದಿರಬೇಕು.

ಒಂದು ಮೇಜು, ಒಂದು ಇಲಿ, ಒಂದು ಹನಿ

ಈ ಕ್ಷೇತ್ರಕ್ಕೆ ಕಾಲಿಟ್ಟ ವಿದ್ಯಾರ್ಥಿ ಸ್ಟೆಮ್ ಸೆಲ್ ಮುಟ್ಟುವ ಮೊದಲು ಕಲಿಯುವುದು ಪೆಟ್ಟು ಕೊಡುವುದನ್ನು. ಕೇಳಲು ಕ್ರೂರ, ಆದರೆ ಪೆಟ್ಟು ಒಂದೇ ಸಮ ಇಲ್ಲದಿದ್ದರೆ ಚಿಕಿತ್ಸೆಯ ಫಲ ತಿಳಿಯುವುದಿಲ್ಲ. 1911ರಲ್ಲೇ ಅಮೆರಿಕದ ಅಲೆನ್ ಎಂಬ ವೈದ್ಯ ನಾಯಿಗಳ ಬೆನ್ನುಹುರಿಯ ಮೇಲೆ ತೂಕ ಬೀಳಿಸಿ ಈ ದಾರಿ ತೆರೆದ. 1990ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವೈಸ್ ಯಂಗ್ ಅವರ ತಂಡ ಇದನ್ನು ಇಲಿಗೆ ತಕ್ಕಂತೆ ಯಂತ್ರಕ್ಕೆ ಇಳಿಸಿತು: 10 ಗ್ರಾಂ ತೂಕದ ಕಡ್ಡಿ, ಅದು 12.5, 25 ಅಥವಾ 50 ಮಿಲಿಮೀಟರ್ ಎತ್ತರದಿಂದ ಬೀಳಬೇಕು. ಅರಿವಳಿಕೆ ಕೊಟ್ಟ ಇಲಿಯ ಎದೆಭಾಗದ 9 ಅಥವಾ 10ನೇ ಕಶೇರುಕದ ಮೇಲಿನ ಕಮಾನನ್ನು ಬಿಡಿಸಿ ಹುರಿಯನ್ನು ತೆರೆದಿಟ್ಟುಕೊಳ್ಳುತ್ತಾರೆ. ಕಡ್ಡಿ ನಟ್ಟನಡುವೆ ಬೀಳಬೇಕು. ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಒಂದು ಕಾಲು ಉಳಿದು ಒಂದು ಕಾಲು ಹೋಗುತ್ತದೆ, ಆ ಇಲಿ ಲೆಕ್ಕಕ್ಕೆ ಬರುವುದಿಲ್ಲ. ಬೆನ್ನು ಹಿಡಿದ ಚಿಮಟ ಸಡಿಲ ಇದ್ದರೆ ಬಡಿತವನ್ನು ಮೈ ನುಂಗಿಬಿಡುತ್ತದೆ.

ಆಮೇಲಿನ ಕೆಲಸ ಆರೈಕೆಯದು. ಪೆಟ್ಟು ತಿಂದ ಇಲಿಗೆ ತಾನಾಗಿ ಮೂತ್ರ ಮಾಡಲು ಬರುವುದಿಲ್ಲ. ದಿನಕ್ಕೆ ಎರಡು ಮೂರು ಸಲ, ಭಾನುವಾರ ಹಬ್ಬ ಎನ್ನದೆ, ಹೊಟ್ಟೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿ ಮೂತ್ರಕೋಶ ಖಾಲಿ ಮಾಡಬೇಕು. ಒಂದೆರಡು ವಾರಕ್ಕೆ ಪ್ರತಿವರ್ತನೆ ಮರಳುವವರೆಗೆ ಇದು ತಪ್ಪುವುದಿಲ್ಲ. ಮರೆತರೆ ಸೋಂಕು, ಜೋರಾಗಿ ಒತ್ತಿದರೆ ಮೂತ್ರಕೋಶ ಒಡೆಯುತ್ತದೆ. ಸಂಶೋಧನಾ ಲೇಖನಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಕೆಲಸ ವಿದ್ಯಾರ್ಥಿಗಳ ಐದು ವರ್ಷದಲ್ಲಿ ಬಹುಪಾಲನ್ನು ತಿನ್ನುತ್ತದೆ. ನಮ್ಮ ಹಳ್ಳಿಗಳಲ್ಲಿ ತಾಯಂದಿರು ಮಕ್ಕಳಿಗೆ ಮೂತ್ರ ತೆಗೆಯುವ ನಳಿಕೆ, ಅಂದರೆ ಕ್ಯಾಥೆಟರ್, ಹಾಕುತ್ತ ಕಳೆಯುವ ದಿನಗಳಿಗೂ ಆ ದಿನಗಳಿಗೂ ನಂಟಿದೆ.

ಇತ್ತ ಕೋಶಗಳ ತಯಾರಿ. ಭ್ರೂಣದ ಸ್ಟೆಮ್ ಸೆಲ್‌ನಿಂದ ಮಯಲಿನ್ ನೇಯುವ ಕೋಶದ ಮರಿಗಳನ್ನು ಬೆಳೆಸಲು ಕ್ಯಾಲಿಫೋರ್ನಿಯಾದ ಹಾನ್ಸ್ ಕೀರ್ಸ್ಟೆಡ್ ಅವರ ತಂಡ 2005ರಲ್ಲಿ ಪ್ರಕಟಿಸಿದ ಕ್ರಮಕ್ಕೆ 42 ದಿನ ಹಿಡಿಯುತ್ತಿತ್ತು. ಯಾವ ದಿನ ಯಾವ ಬೆಳವಣಿಗೆ ಅಂಶ, ಯಾವ ದಿನ ರೆಟಿನೋಯಿಕ್ ಆಮ್ಲ ಎಂಬುದಕ್ಕೆ ಪಂಚಾಂಗದಂತೆ ಪಟ್ಟಿ ಇರುತ್ತದೆ. ತೇಲುವ ಗೋಲಿಗಳಲ್ಲಿ ಹಳದಿ ಬಣ್ಣದವನ್ನು ಉಳಿಸಿ ತಿಳಿಬಣ್ಣದವನ್ನು ಚೆಲ್ಲಬೇಕು. ಇಲ್ಲಿನ ಭಯ ಒಂದೇ: ದಾರಿ ಹಿಡಿಯದ ಮೂಲಕೋಶಗಳು ಒಂದಿಷ್ಟು ಉಳಿದುಬಿಟ್ಟರೆ ಅವು ಬೆನ್ನುಹುರಿಯೊಳಗೆ ಗಡ್ಡೆಯಾಗುತ್ತವೆ. ಬೀಜದಲ್ಲಿ ಕಸದ ಬೀಜ ಬೆರೆತಂತೆ ಇದು, ಆದರೆ ಇಲ್ಲಿ ಕಳೆ ಕೀಳಲು ಎಡೆಕುಂಟೆ ಹೊಡೆಯಲಾಗದು.

ಹಾಕುವ ದಿನ ಬಂದಾಗ ಕೋಶಗಳನ್ನು ಟ್ರಿಪಾನ್ ಬ್ಲೂ ಬಣ್ಣದಲ್ಲಿ ನೋಡಿ ಬದುಕಿದ್ದೆಷ್ಟು, ಸತ್ತದ್ದೆಷ್ಟು ಎಣಿಸುತ್ತಾರೆ. ಸತ್ತವು ನೀಲಿ. ಆಮೇಲೆ ಎಲ್ಲವೂ ಗಡಿಯಾರದ ಮೇಲೆ ನಡೆಯುತ್ತದೆ. ಮಂಜುಗಡ್ಡೆಯ ಮೇಲೆ ಕಾದ ಕೋಶಗಳು ಗಂಟೆಗಂಟೆಗೆ ಸಾಯುತ್ತವೆ, ಸಿರಿಂಜಿನಲ್ಲಿ ಕೆಳಗಿಳಿದು ಮುದ್ದೆಕಟ್ಟುತ್ತವೆ. ಮುದ್ದೆ ಸೂಜಿಯ ಬಾಯಿಗೆ ಸಿಕ್ಕಿದರೆ ಮೊದಲು ಏನೂ ಬರುವುದಿಲ್ಲ, ಆಮೇಲೆ ಒಮ್ಮೆಲೇ ನುಗ್ಗಿ ಅಂಗಾಂಶ ಹರಿಯುತ್ತದೆ. ಎಳೆದು ಚೂಪು ಮಾಡಿದ ಗಾಜಿನ ನಳಿಕೆಯನ್ನು ಮಧ್ಯರೇಖೆಯ ಪಕ್ಕಕ್ಕೆ, ಅಲ್ಲಿರುವ ರಕ್ತನಾಳ ತಪ್ಪಿಸಿ, ಸುಮಾರು 1 ಮಿಲಿಮೀಟರ್ ಆಳಕ್ಕೆ ಇಳಿಸುತ್ತಾರೆ. ನಿಮಿಷಕ್ಕೆ 1 ಮೈಕ್ರೋಲೀಟರ್, ಹಲವರು ಅದಕ್ಕಿಂತ ನಿಧಾನ. ಬಿಟ್ಟಾದ ಮೇಲೆ ಸೂಜಿಯನ್ನು ಐದು ನಿಮಿಷ ಹಾಗೆಯೇ ಹಿಡಿಯಬೇಕು. ತಾಳ್ಮೆಯಿಲ್ಲದೆ ಎಳೆದರೆ ಕೋಶಗಳು ಸೂಜಿಯ ಹಾದಿಯಲ್ಲೇ ಮೇಲೆ ಉಕ್ಕಿ ಬರುತ್ತವೆ. ಪೆಟ್ಟಿನ ನಟ್ಟನಡುವೆ ಹಾಕುವವರು ಕಡಿಮೆ, ಅದರ ಮೇಲೂ ಕೆಳಗೂ ಉಳಿದ ಅಂಗಾಂಶದಲ್ಲಿ ಹಾಕುತ್ತಾರೆ. ಇಷ್ಟು ಜತನ ಮಾಡಿದರೂ ಹಾಕಿದ ಕೋಶಗಳಲ್ಲಿ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಸಾಯುತ್ತವೆ. ಮನುಷ್ಯನ ಕೋಶ ಇಲಿಯಲ್ಲಿ ಉಳಿಯಬೇಕಾದರೆ ಪ್ರತಿದಿನ ಸೈಕ್ಲೋಸ್ಪೋರಿನ್ ಕೊಟ್ಟು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಬೇಕು.

ಫಲ ನೋಡುವುದು ದುಂಡನೆಯ ಅಗಲ ತೊಟ್ಟಿಯಲ್ಲಿ. ಇಲಿಯನ್ನು 4 ನಿಮಿಷ ಬಿಟ್ಟು, ಯಾವುದಕ್ಕೆ ಕೋಶ ಹಾಕಿದೆ ಎಂದು ಗೊತ್ತಿಲ್ಲದ ಇಬ್ಬರು ಅದರ ನಡಿಗೆ ನೋಡಿ 0ಯಿಂದ 21ರವರೆಗೆ ಅಂಕ ಕೊಡುತ್ತಾರೆ. ಗೊತ್ತಿಲ್ಲದ ಇಬ್ಬರು ಎಂಬುದೇ ಇಲ್ಲಿ ಮುಖ್ಯ. ಗೊತ್ತಿದ್ದ ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ. ಇಲಿಗಳೂ ಕೆಲವು ವಾರಗಳಲ್ಲಿ ತಾವಾಗಿ ಸುಧಾರಿಸುವುದರಿಂದ, ಕೋಶವಿಲ್ಲದೆ ಬರಿಯ ದ್ರವ ಹಾಕಿದ ಇಲಿಗಳ ಗುಂಪು ಇಲ್ಲದಿದ್ದರೆ ಆ ಅಂಕಕ್ಕೆ ಅರ್ಥವಿಲ್ಲ. ಇನ್ನೊಂದು ಅಪಾಯ 2005ರಲ್ಲಿ ಸ್ವೀಡನ್ನಿನ ತಂಡವೊಂದಕ್ಕೆ ಕಂಡಿತು. ಹಾಕಿದ ನರ ಸ್ಟೆಮ್ ಸೆಲ್‌ಗಳು ಹೆಚ್ಚಾಗಿ ಆಸ್ಟ್ರೋಸೈಟ್ ಆಗಿಬಿಟ್ಟವು. ಹಿಂಗಾಲು ಸುಧಾರಿಸಿದರೂ ಪೆಟ್ಟೇ ಆಗದ ಮುಂಗಾಲುಗಳಲ್ಲಿ, ಮುಟ್ಟಿದರೆ ಉರಿಯುವ ನೋವು ಶುರುವಾಯಿತು. ಸ್ಟೆಮ್ ಸೆಲ್‌ನಿಂದ ಏನೂ ಆಗದಿದ್ದರೂ ಕಳೆದುಕೊಳ್ಳುವುದೇನು ಎಂದು ಕೇಳುವವರಿಗೆ ಉತ್ತರ ಅಲ್ಲಿದೆ.

ಕೀರ್ಸ್ಟೆಡ್ ತಂಡದ ಅದೇ 2005ರ ಕೆಲಸದಲ್ಲಿ ಈ ಬರಹದ ತಿರುಳಿದೆ. ಪೆಟ್ಟಾಗಿ 7 ದಿನಕ್ಕೆ ಕೋಶ ಹಾಕಿದ ಇಲಿಗಳಲ್ಲಿ ಮಯಲಿನ್ ಮರಳಿತು, ನಡಿಗೆ ಸುಧಾರಿಸಿತು. 10 ತಿಂಗಳ ಮೇಲೆ ಹಾಕಿದಾಗ ಅದೇ ಕೋಶಗಳು ಬದುಕಿದವು, ಆದರೆ ಮಯಲಿನ್ ಹೆಚ್ಚಲಿಲ್ಲ, ನಡಿಗೆಯೂ ಸುಧಾರಿಸಲಿಲ್ಲ. ಬೀಜ ಒಂದೇ, ಕೈ ಒಂದೇ. ಹದ ಹೋಗಿತ್ತು. ತೀರಾ ಬೇಗ ಹಾಕಿದರೂ ಕೆಲಸವಿಲ್ಲ, ಮೊದಲ ದಿನಗಳ ಉರಿಯೂತದಲ್ಲಿ ಕೋಶ ಸುಟ್ಟುಹೋಗುತ್ತದೆ. ತಡವಾದರೆ ಗೋಡೆ ಕಟ್ಟಿರುತ್ತದೆ. ನಡುವಿನ ಕೆಲವೇ ದಿನಗಳು ಬಿತ್ತಿಗೆಯವು.

ರೈಸ್ಮನ್ ಅವರ 45 ವರ್ಷ

ಒಬ್ಬ ಮನುಷ್ಯನ ಇಡೀ ವೃತ್ತಿ ಈ ಕೆಲಸದಲ್ಲಿ ಹೇಗೆ ಕಳೆಯುತ್ತದೆ ಎಂದು ನೋಡಲು ಲಂಡನ್ನಿನ ಜೆಫ್ರಿ ರೈಸ್ಮನ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. 1969ರಲ್ಲಿ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಮಿದುಳು ನೋಡಿ, ದೊಡ್ಡ ಪ್ರಾಣಿಯ ಮಿದುಳಿನಲ್ಲೂ ಹೊಸ ಬೆಸುಗೆಗಳು ಹುಟ್ಟುತ್ತವೆ ಎಂದು ಬರೆದರು. ಆಗ ಅದನ್ನು ಒಪ್ಪಲು ತಯಾರಿದ್ದವರು ಕಡಿಮೆ. ಆಮೇಲೆ ಅವರ ಕಣ್ಣು ಮೂಗಿನ ಮೇಲೆ ಬಿತ್ತು. ವಾಸನೆ ಹಿಡಿಯುವ ನರಕೋಶಗಳು ಜೀವಮಾನವಿಡೀ ಸತ್ತು ಹೊಸದಾಗಿ ಹುಟ್ಟುತ್ತವೆ, ಅವುಗಳ ಎಳೆಗಳು ಮೂಗಿನ ಮೇಲ್ಭಾಗದಿಂದ ಹೊರಟು ಮಿದುಳಿನೊಳಗೆ ಹೊಕ್ಕು ಬೆಸೆದುಕೊಳ್ಳುತ್ತವೆ. ಕೇಂದ್ರ ನರಮಂಡಲಕ್ಕೆ ಹೊಸ ಎಳೆ ಒಳಬರಲು ಬಾಗಿಲು ತೆರೆದಿರುವ ಜಾಗ ಇದು. ಬಾಗಿಲು ತೆರೆದಿಡುವ ಕೋಶಗಳು ಎಳೆಗಳನ್ನು ಸುತ್ತಿಕೊಂಡು ದಾರಿ ಮಾಡಿಕೊಡುತ್ತವೆ ಎಂದು 1985ರಲ್ಲಿ ಅವರು ಬರೆದರು. 1997ರಲ್ಲಿ ಆ ಕೋಶಗಳನ್ನು ಇಲಿಯ ಕುತ್ತಿಗೆಯ ಬೆನ್ನುಹುರಿಗೆ ಹಾಕಿದಾಗ, ಕೈಚಾಚಿ ಆಹಾರ ಹಿಡಿಯುವುದನ್ನು ಕಳೆದುಕೊಂಡಿದ್ದ ಇಲಿಗಳು ಮತ್ತೆ ಚಾಚಿದವು.

ಅಲ್ಲಿಂದ ಒಬ್ಬ ಮನುಷ್ಯನಲ್ಲಿನ ಫಲ ಪ್ರಕಟವಾಗಲು ಇನ್ನೂ 17 ವರ್ಷ ಹಿಡಿಯಿತು. ಪೋಲೆಂಡಿನ ದಾರೆಕ್ ಫಿದಿಕಾ ಎಂಬವರ ಬೆನ್ನುಹುರಿ 2010ರಲ್ಲಿ ಚಾಕು ಇರಿತದಿಂದ ಕತ್ತರಿಸಿತ್ತು. ಸುಮಾರು ಎರಡು ವರ್ಷದ ಮೇಲೆ ವ್ರೊತ್ಸ್ವಾಫ್ ನಗರದ ಶಸ್ತ್ರವೈದ್ಯ ಪಾವೆಲ್ ತಬಾಕೋಫ್ ಮೊದಲು ತಲೆಬುರುಡೆ ತೆರೆದು, ಮಿದುಳಿನಲ್ಲಿ ವಾಸನೆಯ ಎಳೆಗಳು ಬಂದು ಸೇರುವ ಎರಡು ಉಬ್ಬುಗಳಲ್ಲಿ ಒಂದನ್ನು ತೆಗೆದರು. ಅದರ ಕೋಶಗಳನ್ನು ಸುಮಾರು ಎರಡು ವಾರ ಬೆಳೆಸಿ, ಗಾಯದ ಮೇಲೂ ಕೆಳಗೂ ನೂರರಷ್ಟು ಸಣ್ಣ ಚುಚ್ಚುಗಳಲ್ಲಿ ಸುಮಾರು 5 ಲಕ್ಷ ಕೋಶ ಹಾಕಿದರು. 8 ಮಿಲಿಮೀಟರ್ ಬಿರುಕಿಗೆ ಹಿಮ್ಮಡಿ ಬಳಿಯ ನರದ ನಾಲ್ಕು ಎಳೆಗಳನ್ನು ಸೇತುವೆಯಾಗಿ ಕೂಡಿಸಿದರು. 2014ರಲ್ಲಿ ಫಲ ಪ್ರಕಟವಾಯಿತು: ಕಾಲಿನಲ್ಲಿ ಸ್ವಲ್ಪ ಸಂವೇದನೆ, ಸ್ವಲ್ಪ ಬಲ, ಆಸರೆ ಹಿಡಿದು ನಡಿಗೆ. ಸುದ್ದಿಗಳಲ್ಲಿ ಕಾಣೆಯಾದ ಎರಡು ವಿವರಗಳಿವೆ. ಆ ಗಾಯ ಚಾಕುವಿನ ಶುದ್ಧ ಕತ್ತರಿ, ನಮ್ಮ ಹುಡುಗರಿಗೆ ಆಗುವ ಜಜ್ಜುಗಾಯವಲ್ಲ. ಎರಡನೆಯದು, ಶಸ್ತ್ರಕ್ರಿಯೆಗೆ ತಿಂಗಳುಗಳ ಮೊದಲೇ ಶುರುಮಾಡಿ ಅವರು ದಿನಕ್ಕೆ 5 ಗಂಟೆ, ವಾರಕ್ಕೆ 5 ದಿನ ವ್ಯಾಯಾಮ ಮಾಡುತ್ತಿದ್ದರು. ಕೋಶ ಎಷ್ಟು ಮಾಡಿತು, ವ್ಯಾಯಾಮ ಎಷ್ಟು ಮಾಡಿತು ಎಂದು ಒಬ್ಬ ರೋಗಿಯಿಂದ ಬಿಡಿಸಿ ಹೇಳಲಾಗದು. ರೈಸ್ಮನ್ 2017ರ ಜನವರಿಯಲ್ಲಿ ತೀರಿಕೊಂಡರು. ಸೂಕ್ಷ್ಮದರ್ಶಕದ ಮೊದಲ ಚಿತ್ರದಿಂದ ಆ ಒಬ್ಬ ರೋಗಿಯ ಫಲ ಪ್ರಕಟವಾಗುವವರೆಗೆ 45 ವರ್ಷ. ಇದನ್ನು ಸೋಲು ಎಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ.

20 ಲಕ್ಷ ಕೋಶಗಳು

ಕೀರ್ಸ್ಟೆಡ್ ಅವರ ಇಲಿಗಳ ದಾರಿ ಹಿಡಿದು ಗೆರಾನ್ ಎಂಬ ಅಮೆರಿಕದ ಕಂಪನಿ 2009ರ ಜನವರಿಯಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಪಡೆಯಿತು. ಅದೇ ವರ್ಷ ಕೆಲವು ಪ್ರಾಣಿಗಳಲ್ಲಿ ಸಣ್ಣ ನೀರುಗುಳ್ಳೆ ಕಂಡದ್ದರಿಂದ ಕೆಲಸ ನಿಂತಿತು. ಮತ್ತೆ ಪರೀಕ್ಷೆಗಳಾಗಿ 2010ರ ಅಕ್ಟೋಬರಿನಲ್ಲಿ ಅಟ್ಲಾಂಟಾದಲ್ಲಿ ಮೊದಲ ರೋಗಿಗೆ ಕೋಶ ಹಾಕಿದರು. ಎದೆಮಟ್ಟದ ಪೂರ್ಣ ಹಾನಿ, ಪೆಟ್ಟಾಗಿ 7ರಿಂದ 14 ದಿನದೊಳಗೆ, ಒಂದು ಹನಿಯಷ್ಟು ದ್ರವದಲ್ಲಿ 20 ಲಕ್ಷ ಕೋಶ. ಮನುಷ್ಯನ ಬೆನ್ನುಹುರಿ ಪ್ರತಿ ಉಸಿರಿಗೆ ಏರಿಳಿಯುವುದರಿಂದ ಸೂಜಿ ಹಿಡಿಯಲು ಮೇಜಿಗೆ ಬಿಗಿದ ವಿಶೇಷ ಸಾಧನ ಮಾಡಿಸಬೇಕಾಯಿತು. ಎದೆಮಟ್ಟವನ್ನೇ ಏಕೆ ಆರಿಸಿದರು ಎಂದರೆ, ಏನಾದರೂ ಎಡವಟ್ಟಾಗಿ ಹಾನಿ ಒಂದೆರಡು ಹಂತ ಮೇಲೇರಿದರೂ ಕೈಗಳು ಉಳಿಯುತ್ತವೆ. ಐದು ಜನಕ್ಕೆ ಹಾಕಿದ್ದಾಯಿತು. 2011ರ ನವೆಂಬರಿನಲ್ಲಿ ಹಣದ ಕಾರಣ ಹೇಳಿ ಕಂಪನಿ ಈ ಕೆಲಸವನ್ನೇ ಕೈಬಿಟ್ಟಿತು. ಹತ್ತು ವರ್ಷದ ಮೇಲೂ ಆ ಐವರನ್ನು ನೋಡಿದಾಗ ಗಡ್ಡೆ ಇಲ್ಲ, ಹಾನಿ ಹೆಚ್ಚಿಲ್ಲ. ಆದರೆ ಅವರು ನಡೆಯಲಿಲ್ಲ.

ಅದೇ ಕೋಶಗಳನ್ನು ಕೊಂಡ ಇನ್ನೊಂದು ಕಂಪನಿ ಕುತ್ತಿಗೆಮಟ್ಟದ 25 ರೋಗಿಗಳಲ್ಲಿ 2 ಕೋಟಿ ಕೋಶಗಳವರೆಗೆ ಹಾಕಿ ನೋಡಿತು. ಅಲ್ಲಿ ಅಳೆದದ್ದು ಕೈಯ ಹಂತಗಳನ್ನು. ಕುತ್ತಿಗೆಯ 5ನೇ ನರ ಮೊಣಕೈ ಮಡಚುತ್ತದೆ, 6ನೆಯದು ಮಣಿಕಟ್ಟು ಎತ್ತುತ್ತದೆ, 7ನೆಯದು ಮೊಣಕೈ ಚಾಚುತ್ತದೆ, 8ನೆಯದು ಬೆರಳು ಮುಚ್ಚುತ್ತದೆ. ಒಂದು ಹಂತ ಎಂದರೆ ಏನು ಮಹಾ ಎನಿಸಬಹುದು. 6ರಿಂದ 7ಕ್ಕೆ ಬಂದವನು ಕೈಯೂರಿ ಮೈ ಎತ್ತಿ ಗಾಲಿಕುರ್ಚಿಯಿಂದ ಮಂಚಕ್ಕೆ ತಾನೇ ದಾಟುತ್ತಾನೆ. 8ಕ್ಕೆ ಬಂದವನು ರೊಟ್ಟಿ ಹಿಡಿಯುತ್ತಾನೆ. ಅಲ್ಲಿ ಹಲವರಿಗೆ ಒಂದು ಹಂತ, ಕೆಲವರಿಗೆ ಎರಡು ಹಂತ ಸಿಕ್ಕಿತು. ಆದರೆ ಹೋಲಿಸಿ ನೋಡಲು ಕೋಶ ಹಾಕದ ಗುಂಪು ಇರಲಿಲ್ಲವಾದ್ದರಿಂದ ಅದರಲ್ಲಿ ಕೋಶದ ಪಾಲೆಷ್ಟು ಎಂಬುದು ಇತ್ಯರ್ಥವಾಗಲಿಲ್ಲ.

ಜಪಾನಿನ ಕೆಯೋ ವಿಶ್ವವಿದ್ಯಾಲಯದ ಹಿದೆಯುಕಿ ಒಕಾನೋ ಅವರದು ಇನ್ನೊಂದು ದಾರಿ. ದೊಡ್ಡವರ ಸಾದಾ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಮೂಲಕೋಶ ಮಾಡಬಹುದೆಂದು ಯಮನಾಕ ಎಂಬ ಜಪಾನಿ ವಿಜ್ಞಾನಿ 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯನಲ್ಲಿ ತೋರಿಸಿದ ಮೇಲೆ, ರೋಗಿಯ ಚರ್ಮದಿಂದಲೇ ಅವನ ನರಕೋಶ ಮಾಡೋಣ ಎಂದು ಎಲ್ಲರಿಗೂ ಆಸೆಯಾಯಿತು. ಅಡ್ಡ ಬಂದದ್ದು ಮತ್ತೆ ಹದ. ಒಬ್ಬೊಬ್ಬರಿಗೆ ಮಾಡಿ, ಗಡ್ಡೆಯಾಗುವುದಿಲ್ಲ ಎಂದು ಪರೀಕ್ಷಿಸಲು ತಿಂಗಳುಗಟ್ಟಲೆ ಬೇಕು. ರೋಗಿಗೆ ಇರುವುದು ವಾರಗಳು. ಹಾಗಾಗಿ ದಾನಿಯ ಕೋಶದಿಂದ ಮೊದಲೇ ತಯಾರಿಸಿ, ಪರೀಕ್ಷಿಸಿ, ಶೈತ್ಯದಲ್ಲಿ ಕೂಡಿಟ್ಟರು. ಬೀಜ ನಿಗಮದ ಉಗ್ರಾಣದಂತೆ. ಪರರ ಕೋಶವಾದ್ದರಿಂದ ರೋಗನಿರೋಧಕ ತಗ್ಗಿಸುವ ಔಷಧ ಬೇಕಾಯಿತು. 2019ರ ಫೆಬ್ರುವರಿಯಲ್ಲಿ ಒಪ್ಪಿಗೆ, ನಡುವೆ ಕೊರೊನಾ, 2021ರ ಡಿಸೆಂಬರಿನಲ್ಲಿ ಮೊದಲ ರೋಗಿ. ಪೆಟ್ಟಾಗಿ 14ರಿಂದ 28 ದಿನದೊಳಗೆ, ತಲಾ 20 ಲಕ್ಷ ಕೋಶ. 2025ರ ಮಾರ್ಚಿನಲ್ಲಿ ನಾಲ್ವರ ಫಲ ಹೇಳಿದರು: 'ಎ' ಇದ್ದ ಒಬ್ಬರು 'ಡಿ'ಗೆ ಬಂದು ಆಸರೆಯಿಲ್ಲದೆ ನಿಂತರು, ಇನ್ನೊಬ್ಬರು 'ಸಿ'ಗೆ ಬಂದರು, ಇಬ್ಬರಲ್ಲಿ ದೊಡ್ಡ ಬದಲಾವಣೆ ಇಲ್ಲ. ಗಂಭೀರ ತೊಂದರೆ ಯಾರಿಗೂ ಆಗಲಿಲ್ಲ. ನಾಲ್ವರಲ್ಲಿ ಇಬ್ಬರು ಎಂಬ ಲೆಕ್ಕದಿಂದ ಚಿಕಿತ್ಸೆ ಸಿಕ್ಕಿತು ಎನ್ನಲಾಗದು. ಆದರೂ 'ಎ'ಯಿಂದ 'ಡಿ'ಗೆ ಏರುವುದು ಇಷ್ಟು ಅಪರೂಪವಾಗಿರುವಾಗ ಆ ಸುದ್ದಿ ಓದಿ ಎದೆ ತುಂಬಿಬಂತು.

ಹಳೆಯ ಪೆಟ್ಟಿನವರಿಗೆ? ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಪೆಟ್ಟಾಗಿ ವರ್ಷ ಕಳೆದ ನಾಲ್ವರಿಗೆ ನರ ಸ್ಟೆಮ್ ಸೆಲ್ ಹಾಕಿ ಐದು ವರ್ಷ ನೋಡಿದ್ದಾರೆ. ಸುರಕ್ಷಿತ, ಇಬ್ಬರಲ್ಲಿ ಸಣ್ಣ ಸುಧಾರಣೆ. ಅಲ್ಲಿ ಕಂಡದ್ದು ಇಷ್ಟೇ.

ಹೊಲ ಮಾರುವ ಮುನ್ನ

ಇನ್ನು ಮೊಬೈಲಿನ ವಿಡಿಯೋ. ಅಲ್ಲಿ ಮಾರಾಟಕ್ಕಿರುವುದು ಸಾಮಾನ್ಯವಾಗಿ ಮೇಲೆ ಹೇಳಿದ ಯಾವುದೂ ಅಲ್ಲ. ಸೊಂಟದ ಎಲುಬಿನಿಂದ ಮಜ್ಜೆ ಹೀರಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಅದೇ ದಿನ ಸೊಂಟದ ಸೂಜಿಯಿಂದ ಬೆನ್ನಿನ ನೀರಿಗೆ ಬಿಡುತ್ತಾರೆ. ಅವು ರಕ್ತ ತಯಾರಿಸುವ ಮನೆತನದ ಕೋಶಗಳು, ನರಕೋಶಗಳಾಗಿ ಹುರಿಯೊಳಗೆ ಬೆಸೆಯುವುದಿಲ್ಲ. ಜೊತೆಗೆ ತಿಂಗಳುಗಟ್ಟಲೆ ಫಿಸಿಯೋಥೆರಪಿ ಕೊಡುತ್ತಾರೆ. ಸುಧಾರಿಸಿದ್ದು ಅದರಿಂದಲೋ, ತಾನಾಗಿಯೋ, ಕೋಶದಿಂದಲೋ ಎಂದು ಯಾರೂ ಅಳೆಯುವುದಿಲ್ಲ. ಹೊರದೇಶಗಳಲ್ಲಿ ಹೀಗೆ ಹಣ ಕೊಟ್ಟು ಬೆನ್ನಿನ ನೀರಿಗೆ ಕೋಶ ಬಿಡಿಸಿಕೊಂಡ ಪಾರ್ಶ್ವವಾಯು ರೋಗಿಯೊಬ್ಬರ ಬೆನ್ನುಹುರಿಯಲ್ಲಿ ಬೇರೊಬ್ಬರ ಕೋಶಗಳ ಗಡ್ಡೆ ಬೆಳೆದದ್ದು 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆ ಮುಂತಾದವಕ್ಕೆ ಮಾಡುವ ಅಸ್ಥಿಮಜ್ಜೆ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಪ್ರಯೋಗವೇ, ಅದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಟ್ರಯಲ್‌ಗೆ ಸೇರಿದವರಿಂದ ಚಿಕಿತ್ಸೆಯ ಹಣ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಆ ಅಣ್ಣ ಕೇಳಬೇಕಾದ್ದು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯ ನೋಂದಣಿ ಸಂಖ್ಯೆ. ದೇಶದ ಟ್ರಯಲ್‌ಗಳೆಲ್ಲ ಅಲ್ಲಿ ದಾಖಲಾಗಬೇಕು, ಯಾರು ಬೇಕಾದರೂ ತೆರೆದು ನೋಡಬಹುದು. ಸಂಖ್ಯೆಯೊಂದೇ ಸಾಲದು. ಅಲ್ಲಿ ಬರೆದ ರೋಗ, ಪೆಟ್ಟಿನ ಮಟ್ಟ, ಎಷ್ಟು ದಿನದೊಳಗೆ ಎಂಬುದು ತಮ್ಮನಿಗೆ ಹೊಂದುತ್ತದೆಯೇ ನೋಡಬೇಕು. ಹಣ ಕೇಳಿದರೆಂದರೆ ಹೊಲ ಮಾರುವ ಮಾತು ಅಲ್ಲಿಗೇ ನಿಲ್ಲಲಿ.

ಹದದ ಲೆಕ್ಕ ನಿಜವಾಗಿ ಶುರುವಾಗುವುದು ಬಿದ್ದ ಜಾಗದಲ್ಲಿ. ನಮ್ಮಲ್ಲಿ ಬಿದ್ದವನನ್ನು ಇಬ್ಬರು ತೋಳು, ಇಬ್ಬರು ಕಾಲು ಹಿಡಿದು ಎತ್ತಿ ಟಂಟಂನಲ್ಲಿ ಮಡಚಿ ಕೂಡಿಸುತ್ತಾರೆ. ಪ್ರೀತಿಯ ಅವಸರ ಅದು, ಆದರೆ ಅರ್ಧ ಉಳಿದ ಹುರಿ ಅಲ್ಲಿಯೇ ಪೂರ್ತಿ ಹೋಗುವುದುಂಟು. 108ಕ್ಕೆ ಕರೆಮಾಡಿ, ಅಲುಗಿಸದೆ ಕಾಯುವುದು ಒಳ್ಳೆಯದು. ಎತ್ತಲೇಬೇಕಾದರೆ ಒಬ್ಬರು ತಲೆ ಕುತ್ತಿಗೆಯನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದು, ಮೂವರು ಒಂದೇ ಬದಿಯಿಂದ ಭುಜ, ಸೊಂಟ, ಮೊಣಕಾಲು ಹಿಡಿದು, ತಲೆಯ ಬಳಿ ಇದ್ದವನು ಎಣಿಸಿದಂತೆ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಬೇಕು. ಹಲಿಗೆಯನ್ನೋ ಕಳಚಿದ ಬಾಗಿಲನ್ನೋ ಅಡಿಗೆ ಸರಿಸಿ ಮತ್ತೆ ಒಟ್ಟಿಗೆ ಹೊರಳಿಸಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ 70 ಕಿಲೋಮೀಟರಿಗೂ ಹೆಚ್ಚು. ಒತ್ತಿದ ಎಲುಬನ್ನು 24 ಗಂಟೆಯೊಳಗೆ ಬಿಡಿಸಿದವರಲ್ಲಿ ಫಲ ಚೆನ್ನಾಗಿದೆ ಎಂದು ಕುತ್ತಿಗೆಮಟ್ಟದ ಪೆಟ್ಟಿನವರ ಮೇಲಿನ 2012ರ ದೊಡ್ಡ ಅಧ್ಯಯನ ತೋರಿಸಿದ ಮೇಲೆ, ದಾರಿಯಲ್ಲಿ ಎಲುಬು ಕೂಡಿಸುವವರ ಮನೆಗೆ ತಿರುಗಲು ಸಮಯವೇ ಇಲ್ಲ.

ಮನೆಗೆ ಬಂದ ಮೇಲಿನ ಕೆಲಸ ಯಾವ ವಿಡಿಯೋದಲ್ಲೂ ಬರುವುದಿಲ್ಲ. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು. ಗಾಲಿಕುರ್ಚಿಯಲ್ಲಿ ಕೂತಾಗ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಎದ್ದು ಕುಂಡಿಯ ಮೇಲಿನ ಭಾರ ಇಳಿಸುವುದು. ದಿನವೂ ಕನ್ನಡಿ ಹಿಡಿದು ಬಾಲದೆಲುಬು, ಹಿಮ್ಮಡಿ ನೋಡುವುದು. ಕೆಂಪಾದ ಚರ್ಮ ಒತ್ತಿದಾಗ ಬೆಳ್ಳಗಾಗದಿದ್ದರೆ ಅದು ಹುಣ್ಣಿನ ಮೊದಲ ಗುರುತು, ಅದು ಮಾಯುವವರೆಗೆ ಆ ಮಗ್ಗಲಿಗೆ ಮಲಗಿಸುವಂತಿಲ್ಲ. ಪಾದ, ಮೊಣಕಾಲು, ಸೊಂಟದ ಕೀಲುಗಳನ್ನು ಪೂರ್ತಿ ಮಡಚಿ ಚಾಚಿಸುವುದು. ಎದೆಯ 6ನೇ ನರ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವನಿಗೆ ಒಮ್ಮೆಲೇ ತಲೆ ಸಿಡಿದು, ಮುಖ ಕೆಂಪೇರಿ ಬೆವರಿದರೆ ರಕ್ತದೊತ್ತಡ ಏರುತ್ತಿದೆ ಎಂದರ್ಥ. ತಕ್ಷಣ ಎಬ್ಬಿಸಿ ಕೂಡಿಸಿ, ಬಟ್ಟೆ ಸಡಿಲಿಸಿ, ಮೂತ್ರ ಕಟ್ಟಿದೆಯೇ, ಮಲ ಕಟ್ಟಿದೆಯೇ ನೋಡಬೇಕು. ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು.

ಮತ್ತೆ ಮೂತ್ರಕೋಶ. ನಾಲ್ಕರಿಂದ ಆರು ಗಂಟೆಗೊಮ್ಮೆ ಕೈ ತೊಳೆದು ಕ್ಯಾಥೆಟರ್ ಹಾಕಿ ಖಾಲಿ ಮಾಡಿ ತೆಗೆಯಬೇಕು. ಒಮ್ಮೆಗೆ 400, ಹೆಚ್ಚೆಂದರೆ 500 ಮಿಲಿ ದಾಟದಂತೆ ನೀರು ಕುಡಿಯುವುದನ್ನು ಹೊಂದಿಸಬೇಕು. ಮೀರಿದರೆ ಒತ್ತಡ ಹಿಂದಕ್ಕೆ ಏರಿ ಮೂತ್ರಪಿಂಡ ಕೆಡುತ್ತದೆ. ಮುಂದೊಂದು ದಿನ ಹಳೆಯ ಪೆಟ್ಟಿನವರಿಗೂ ಟ್ರಯಲ್ ತೆರೆದಾಗ ಆರಿಸುವ ವೈದ್ಯರು ಮೊದಲು ನೋಡುವುದೂ ಇವನ್ನೇ: ಹುಣ್ಣು ಇದೆಯೇ, ಕೀಲು ಬಿಗಿದಿದೆಯೇ, ಮೂತ್ರಪಿಂಡ ಹೇಗಿದೆ. ಒಕಾನೋ ಅವರ ತಂಡದ ಮುಂದಿನ ಗುರಿಗಳಲ್ಲಿ ಹಳೆಯ ಪೆಟ್ಟಿನವರೂ ಇದ್ದಾರೆ.

"ಹೊಲಾ ಮಾರಬ್ಯಾಡ್ರಿ" ಎಂದ ಮೇಲೆ ಆ ಅಣ್ಣ ಬರಿಗೈಯಲ್ಲಿ ಹೋಗಬಾರದು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಮೂರು ಕಾಲಂ ಮಾಡಿಕೊಟ್ಟರೆ ಸಾಕು: ಹೊತ್ತು, ಕುಡಿದ ನೀರು, ತೆಗೆದ ಮೂತ್ರ. ಬೆಳಿಗ್ಗೆ 6ಕ್ಕೆ 380. ಹತ್ತಕ್ಕೆ 410. ಎರಡಕ್ಕೆ 350. ಪುಟದ ಮೇಲೆ, ಎಡಮೂಲೆಯಲ್ಲಿ, ಪೆಟ್ಟಾದ ತಾರೀಖು.